ಮುಂಜಾನೆಯ ಸುಳ್ಳು ಸಾಕ್ಷಿ

ಮದ್ದೂರಿನಿಂದ ಮಳವಳ್ಳಿಯ ಕಡೆಗೆ ಸಾಗುವ ರಸ್ತೆಯಲ್ಲಿ, ಎರಡೂ ಬದಿಯ ಕಬ್ಬಿನ ಗದ್ದೆಗಳು ಸ್ವಲ್ಪ ಹಿಂದಕ್ಕೆ ಸರಿದು, ಅಂಗಡಿಸಾಲುಗಳೂ ಬ್ಯಾಂಕುಗಳೂ ಪುಸ್ತಕದ ಚೀಲ ಹೊತ್ತ ವಿದ್ಯಾರ್ಥಿಗಳೂ ಒಟ್ಟಾಗಿ ಎದುರಾಗುವ ಊರು ಭಾರತೀನಗರ. ಸುತ್ತಲಿನ ಹಳ್ಳಿಗಳ ಹಿರಿಯರಿಗೆ ಅದು ಇಂದಿಗೂ ಕೆ.ಎಂ. ದೊಡ್ಡಿಯೇ. ಒಂದೆಡೆ ಚಾಮುಂಡೇಶ್ವರಿ ಸಕ್ಕರೆ ಕಾರ್ಖಾನೆ, ಮತ್ತೊಂದೆಡೆ ಜಿ. ಮಾದೇಗೌಡರು ಕಟ್ಟಿ ಬೆಳೆಸಿದ ಭಾರತೀ ವಿದ್ಯಾಸಂಸ್ಥೆ. ಇವೆರಡರ ಆಶ್ರಯದಲ್ಲಿ ದೊಡ್ಡಿಯಾಗಿದ್ದುದು ನಗರವೆನಿಸಿಕೊಂಡಿತು. ನಗರವೆನಿಸಿಕೊಂಡ ಊರಿಗೆ ಮುದ್ರಿತ ಕಾಗದದ ಅಗತ್ಯ ಎಷ್ಟೆಂಬುದನ್ನು ಅಲ್ಲಿ ಪ್ರೆಸ್ಸು ನಡೆಸುವವರೇ ಬಲ್ಲರು. ಮದುವೆಯ ಕರೆಯೋಲೆ, ಜಾತ್ರೆಯ ಕರಪತ್ರ, ಹನ್ನೊಂದನೆಯ ದಿನದ ಕಾರ್ಯದ ಆಹ್ವಾನ, ಶಾಲೆಯ ಪ್ರಗತಿಪತ್ರ, ಹಾಲು ಉತ್ಪಾದಕರ ಸಂಘದ ಚುನಾವಣೆಯ ಚೀಟಿ, ಗೊಬ್ಬರದಂಗಡಿಯ ರಸೀದಿಪುಸ್ತಕ, ಇವೆಲ್ಲವೂ ನಾಳೆ ಬೇಕೆಂದು ಇಂದು ಸಂಜೆ ಬರುವ ಕೆಲಸಗಳು.

ಇಂಥ ಊರುಗಳ ಚಿಕ್ಕ ಮುದ್ರಣಾಲಯಗಳು ಪ್ಲೇಟನ್ನು ತಾವೇ ಮಾಡಿಕೊಳ್ಳುವುದಿಲ್ಲ. ವಿನ್ಯಾಸ ಮುಗಿದ ಕಡತವನ್ನು ಫೋನಿನಲ್ಲಿಯೇ ಪ್ಲೇಟು ಮಾಡುವ ಘಟಕಕ್ಕೆ ಕಳುಹಿಸಿ, ಬಸ್ಸಿನ ಚಾಲಕರ ಕೈಯಲ್ಲಿಯೋ ಬೈಕಿನ ಹುಡುಗನ ಬೆನ್ನಿಗೆ ಕಟ್ಟಿಯೋ ಅದನ್ನು ತರಿಸಿಕೊಳ್ಳುತ್ತವೆ. ಹತ್ತಾರು ಪ್ರೆಸ್ಸುಗಳು ಒಂದೇ ಯಂತ್ರವನ್ನು ನಂಬಿರುವುದರಿಂದ ಆ ಯಂತ್ರದೊಳಗಿನ ಬೆರಳುದ್ದದ ಒಂದು ಸೆನ್ಸರು ಕೆಟ್ಟರೂ ಮೂರು ತಾಲ್ಲೂಕುಗಳ ಮದುವೆಮನೆಗಳಲ್ಲಿ ಕಳವಳ ಹುಟ್ಟುತ್ತದೆ. ಆ ಬಗೆಯ ಒಂದು ಕೆಡುಕಿನ ಕಥೆಯನ್ನು ಹೇಳಲು ಹೊರಟಿದ್ದೇನೆ. ಕೆಡುಕಿಗಿಂತಲೂ ಅದನ್ನು ಹುಡುಕಿದ ರೀತಿಯೇ ನನ್ನ ಮನಸ್ಸಿನಲ್ಲಿ ನಿಂತಿರುವುದರಿಂದ, ಅದಕ್ಕೆ ಬೇಕಾಗುವಷ್ಟು ಹಿನ್ನೆಲೆಯನ್ನು ಮೊದಲು ಹೇಳುವುದು ಯುಕ್ತ.

ಆಫ್‌ಸೆಟ್ ಮುದ್ರಣದ ಮೂಲತತ್ತ್ವ ಜಿಡ್ಡಿಗೂ ನೀರಿಗೂ ಇರುವ ಸಹಜವಾದ ವೈರ. ಹದಿನೆಂಟನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಬವೇರಿಯಾದ ಅಲೋಯ್ಸ್ ಸೆನೆಫೆಲ್ಡರ್ ಎಂಬಾತ ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಕಲ್ಲನ್ನು ಒದ್ದೆಮಾಡಿ, ಶಾಯಿ ಸವರಿದಾಗ ಬರೆದಷ್ಟೇ ಭಾಗವು ಶಾಯಿಯನ್ನು ಹಿಡಿದು ಉಳಿದ ಭಾಗವು ಅದನ್ನು ನಿರಾಕರಿಸಿದ್ದನ್ನು ಕಂಡುಕೊಂಡ. ಕನ್ನಡಕ್ಕೆ ಈ ವಿದ್ಯೆ ಪರಕೀಯವಾದುದಲ್ಲ. 1843ರಲ್ಲಿ ಹರ್ಮನ್ ಮೋಗ್ಲಿಂಗರು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರತಂದ ‘ಮಂಗಳೂರ ಸಮಾಚಾರ’, ನಮ್ಮ ಭಾಷೆಯ ಮೊದಲ ಪತ್ರಿಕೆ, ಅಚ್ಚಾದದ್ದು ಮೊಳೆಯಿಂದಲ್ಲ, ಕಲ್ಲಿನಿಂದ. ಕಲ್ಲಿನ ಸ್ಥಾನಕ್ಕೆ ಅನಂತರ ಲೋಹದ ಹಾಳೆ ಬಂದಿತು. 1904ರ ಸುಮಾರಿಗೆ ಅಮೆರಿಕದ ಐರಾ ರೂಬೆಲ್ ಎಂಬ ಮುದ್ರಕನ ಕೈಯಲ್ಲಿ, ಶಾಯಿಯು ನೇರವಾಗಿ ಕಾಗದಕ್ಕೆ ಬೀಳದೆ ರಬ್ಬರಿನ ಹೊದಿಕೆಯ ಮೂಲಕ ಇಳಿಯುವ ಕ್ರಮ ರೂಢಿಗೆ ಬಂದಿತು. ಇಂದಿನ ಪ್ಲೇಟು 0.15ರಿಂದ 0.30 ಮಿಲಿಮೀಟರು ದಪ್ಪದ ಅಲ್ಯೂಮಿನಿಯಂ ಹಾಳೆ. ಅದರ ಮೈಯನ್ನು ಸೂಕ್ಷ್ಮವಾಗಿ ತರಿಮಾಡಿ, ವಿದ್ಯುತ್ತಿನಿಂದ ಆಕ್ಸೈಡಿನ ಗಟ್ಟಿ ಪದರವನ್ನು ಬೆಳೆಸಿ, ಮೇಲೊಂದು ರಾಸಾಯನಿಕ ಲೇಪವನ್ನು ಹಚ್ಚಿರುತ್ತಾರೆ. ಗಣಕಯಂತ್ರದಿಂದ ಬಂದ ಚಿತ್ರವನ್ನು 830 ನ್ಯಾನೊಮೀಟರು ತರಂಗಾಂತರದ ಲೇಸರು ಆ ಲೇಪದ ಮೇಲೆ ಚುಕ್ಕಿಚುಕ್ಕಿಯಾಗಿ ಬರೆಯುತ್ತದೆ. ಧನಾತ್ಮಕ ಜಾತಿಯ ಪ್ಲೇಟಿನಲ್ಲಿ ಲೇಸರು ತಾಗಿದ ಕಡೆ ಲೇಪವು ಕ್ಷಾರದಲ್ಲಿ ಕರಗುವ ಗುಣವನ್ನು ಪಡೆಯುತ್ತದೆ. ತಾಗದ ಕಡೆ ಉಳಿದುಕೊಂಡು ಶಾಯಿಯನ್ನು ಹಿಡಿಯುತ್ತದೆ.

ಲೇಸರು ಬರೆದದ್ದನ್ನು ತೊಳೆದು ಬೆಳಕಿಗೆ ತರುವ ಯಂತ್ರವೇ ಪ್ಲೇಟ್ ಪ್ರೊಸೆಸರು. ಅದು ಉದ್ದನೆಯ ಮೇಜಿನಂಥ ಪೆಟ್ಟಿಗೆ. ಒಂದು ತುದಿಯಿಂದ ಒಳಗೆ ನೂಕಿದ ಪ್ಲೇಟನ್ನು ರಬ್ಬರಿನ ಉರುಳೆಗಳು ಹಿಡಿದೆಳೆದು, ಡೆವಲಪರು ತುಂಬಿದ ತೊಟ್ಟಿಯಲ್ಲಿ ಸುಮಾರು ಅರ್ಧ ನಿಮಿಷ ಮುಳುಗಿಸಿ, ಕುಂಚದುರುಳೆಯಿಂದ ಉಜ್ಜಿ, ನೀರಿನಲ್ಲಿ ಜಾಲಿಸಿ, ಗೋಂದಿನ ತೆಳುಪದರವನ್ನು ಹಚ್ಚಿ, ಬಿಸಿಗಾಳಿಯಲ್ಲಿ ಒಣಗಿಸಿ ಇನ್ನೊಂದು ತುದಿಯಿಂದ ಹೊರಗೆ ಬಿಡುತ್ತವೆ. ಕಲ್ಲಚ್ಚಿನ ಕಾಲದಲ್ಲಿ ಕಲ್ಲಿಗೆ ಗೋಂದು ಸವರುತ್ತಿದ್ದ ಕ್ರಿಯೆಯೇ ಇಂದಿಗೂ ಯಂತ್ರದೊಳಗೆ ನಡೆಯುತ್ತಿದೆಯೆಂಬುದು ನನಗೆ ಯಾವಾಗಲೂ ಸಂತೋಷವನ್ನು ಕೊಡುವ ಸಂಗತಿ. ವ್ಯತ್ಯಾಸವಿರುವುದು ಇಷ್ಟರಲ್ಲಿ: ಅಂದು ಕಲ್ಲಿನ ಹದವನ್ನು ನೋಡುತ್ತಿದ್ದುದು ಅನುಭವಿಯ ಕಣ್ಣು ಮತ್ತು ಬೆರಳತುದಿ, ಇಂದು ಆ ಹೊಣೆಯನ್ನು ಸೆನ್ಸರುಗಳು ಹೊತ್ತಿವೆ.

ಅವುಗಳಲ್ಲಿ ಮುಖ್ಯವಾದವು ಮೂರು ಜಾತಿ. ದ್ರವದ ಉಷ್ಣತೆಯನ್ನು ನೋಡುವುದು ಒಂದು. ತೊಟ್ಟಿಯ ಮಟ್ಟವನ್ನು ನೋಡುವುದು ಇನ್ನೊಂದು. ಪ್ರವೇಶದ್ವಾರದಲ್ಲಿ ಅಡ್ಡಸಾಲಾಗಿ ಕುಳಿತು ಪ್ಲೇಟು ಬಂದಿತೇ, ಎಷ್ಟು ಅಗಲದ್ದು, ಎಷ್ಟು ಉದ್ದದ್ದು ಎಂದು ಎಣಿಸುವುದು ಮೂರನೆಯದು. ಈ ಮೂರನೆಯ ಜಾತಿಯ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳದಿದ್ದರೆ ಮುಂದಿನ ಕಥೆ ಅರ್ಥವಾಗದು. ಡೆವಲಪರು ತೀಕ್ಷ್ಣವಾದ ಕ್ಷಾರ; ಅದರ ಪಿಎಚ್ 12ರಿಂದ 13ರವರೆಗೆ ಇರುತ್ತದೆ. ಪ್ರತಿಯೊಂದು ಪ್ಲೇಟು ಹಾದಾಗಲೂ ಅದರ ಬಲ ಸ್ವಲ್ಪ ಕುಂದುತ್ತದೆ. ಯಾವ ಪ್ಲೇಟೂ ಹಾಯದೆ ಸುಮ್ಮನಿದ್ದರೂ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕುಂದುತ್ತದೆ. ಆದುದರಿಂದ ಯಂತ್ರವು ಎರಡು ಲೆಕ್ಕಗಳನ್ನು ಇಟ್ಟು ಹೊಸ ದ್ರವವನ್ನು ತಾನಾಗಿಯೇ ತೊಟ್ಟಿಗೆ ಊಡುತ್ತದೆ: ಹಾದ ಪ್ಲೇಟಿನ ಚದರಮೀಟರಿಗೆ ಇಷ್ಟು, ನಿಂತ ಗಂಟೆಗೆ ಇಷ್ಟು. ಎಷ್ಟು ಸೆನ್ಸರುಗಳು ಮುಚ್ಚಿದವೆಂಬುದರಿಂದ ಅಗಲವೂ, ಎಷ್ಟು ಹೊತ್ತು ಮುಚ್ಚಿದ್ದವೆಂಬುದನ್ನು ಉರುಳೆಗಳ ವೇಗದಿಂದ ಗುಣಿಸಿ ಉದ್ದವೂ ಸಿಗುತ್ತದೆ. ಊಡುವ ದ್ರವವು ತೊಟ್ಟಿಯ ದ್ರವಕ್ಕಿಂತ ಬಲವಾದುದು. ಊಡಿದಷ್ಟೇ ಹಳೆಯ ದ್ರವ ಕೊಳವೆಯ ಮೂಲಕ ಉಕ್ಕಿ ಹೊರಗಿನ ತ್ಯಾಜ್ಯದ ಡಬ್ಬಕ್ಕೆ ಬೀಳುತ್ತದೆ.

ಸಾಲಿನ ಸೆನ್ಸರೊಂದು ಬಂದ ಪ್ಲೇಟನ್ನು ಕಾಣದೆ ಹೋದರೆ ದ್ರವ ಸೊರಗುತ್ತದೆ. ಸೊರಗಿದ ದ್ರವದಲ್ಲಿ ಕರಗಬೇಕಾದ ಲೇಪ ಪೂರ್ತಿ ಕರಗದೆ, ಬಿಳಿಯ ಭಾಗದಲ್ಲೆಲ್ಲ ತೆಳುವಾಗಿ ಶಾಯಿ ಹಿಡಿದು, ಕಾಗದವು ಮಬ್ಬಾಗಿ ಬರುತ್ತದೆ. ಪ್ರೆಸ್ಸಿನವರು ಅದನ್ನು ‘ಬ್ಯಾಕ್‌ಗ್ರೌಂಡ್ ಹೊಡೀತಿದೆ’ ಎನ್ನುತ್ತಾರೆ. ಇಲ್ಲದ ಪ್ಲೇಟನ್ನು ಕಂಡೆನೆಂದು ಸೆನ್ಸರು ಸಾರಿದರೆ ಫಲ ಇದಕ್ಕೆ ವಿರುದ್ಧ. ಯಂತ್ರವು ಊಡುತ್ತಲೇ ಹೋಗುತ್ತದೆ, ದ್ರವದ ಬಲ ಏರುತ್ತಲೇ ಹೋಗುತ್ತದೆ, ಉಳಿಯಬೇಕಾದ ಲೇಪವನ್ನೂ ಅದು ತಿಂದುಹಾಕುತ್ತದೆ.

ನಮ್ಮ ಕಥೆಯಲ್ಲಿ ಆದದ್ದು ಈ ಎರಡನೆಯದು. ಮಳೆಗಾಲದ ನಡುವಿನ ದಿನಗಳು. ನಮ್ಮ ಸೀಮೆಯ ಪ್ರೆಸ್ಸುಗಳಿಗೆ ಪ್ಲೇಟು ಮಾಡಿಕೊಡುವ ಘಟಕವೊಂದರಿಂದ ಬೆಳಗಿನ ಹೊತ್ತು ಬಂದ ಪ್ಲೇಟುಗಳಲ್ಲಿ ತೀರ ತೆಳುವಾದ ಛಾಯೆಗಳು ಕಾಣೆಯಾಗತೊಡಗಿದವು. ಕರೆಯೋಲೆಯ ಮೇಲಿನ ಗಣಪತಿಯ ಕೆನ್ನೆಯಲ್ಲಿ ಮೃದುವಾಗಿ ಇಳಿಯಬೇಕಾದ ಗುಲಾಬಿ ಬಣ್ಣ ನಡುವೆ ಕತ್ತರಿಸಿದಂತೆ ನಿಂತುಬಿಡುತ್ತಿತ್ತು. ಛಾಯೆಯನ್ನು ನೋಡಲು ಪ್ಲೇಟಿನ ಮೇಲೆ ಇಡುವ ಪರೀಕ್ಷೆಯ ಪಟ್ಟಿಯಲ್ಲಿ ಶೇಕಡ 2ರ ಚುಕ್ಕಿಗಳ ಜಾಗ ಬರಿದಾಗಿರುತ್ತಿತ್ತು. ಸಂಜೆಯ ಹೊತ್ತಿಗೆ, ಅನೇಕ ಪ್ಲೇಟುಗಳು ಹಾದು ದ್ರವದ ಬಲ ಇಳಿದ ಮೇಲೆ, ಅದೇ ಚುಕ್ಕಿಗಳು ಮತ್ತೆ ತೋರುತ್ತಿದ್ದವು. ಚುಕ್ಕಿ ಹಾರುತ್ತಿದೆಯೆಂದು ದೂರು ಬಂದೊಡನೆ ಘಟಕದವರು ಲೇಸರಿನ ಶಕ್ತಿಯನ್ನು ಅನುಮಾನಿಸಿದರು. ಆಮೇಲೆ ಡೆವಲಪರಿನ ತಯಾರಿಕೆಯನ್ನು ಅನುಮಾನಿಸಿದರು. ಕಡೆಗೆ ‘ಯಾವುದೋ ಸೆನ್ಸರ್ ಹೋಗಿದೆ’ ಎಂಬ ತೀರ್ಮಾನಕ್ಕೆ ಬಂದರು. ದುರಸ್ತಿಗೆಂದು ದೂರದಿಂದ ಬಂದ ತಂತ್ರಜ್ಞರು ತಲುಪಿದ್ದು ಮಧ್ಯಾಹ್ನ. ಅವರೆದುರಿನಲ್ಲಿ ಯಂತ್ರವು ಒಂದು ಕೊಂಕೂ ಇಲ್ಲದೆ ನಡೆಯಿತು. ಉಷ್ಣತೆಯ ಸೆನ್ಸರನ್ನೂ ಪ್ರವೇಶದ ಸೆನ್ಸರುಗಳನ್ನೂ ಪೂರ್ತಿಯಾಗಿ ಬದಲಾಯಿಸುವುದು ಒಳ್ಳೆಯದೆಂದೂ ಬೆಲೆಪಟ್ಟಿಯನ್ನು ಕಳುಹಿಸುವೆವೆಂದೂ ಹೇಳಿ ಅವರು ಹಿಂತಿರುಗಿದರು.

ಆ ಬೆಲೆಪಟ್ಟಿ ಬರುವುದಕ್ಕೆ ಮುಂಚೆ ಘಟಕದ ಒಡೆಯರು ತಮ್ಮ ಪರಿಚಯದ ಒಬ್ಬರನ್ನು ಕರೆತಂದರು. ಸಕ್ಕರೆ ಕಾರ್ಖಾನೆಯೊಂದರ ಉಪಕರಣ ವಿಭಾಗದಲ್ಲಿ ಸೇವೆ ಮಾಡಿ ನಿವೃತ್ತರಾಗಿದ್ದ ಅವರಿಗೆ ಮುದ್ರಣದ ಗಂಧವಿರಲಿಲ್ಲ. ಪ್ಲೇಟ್ ಪ್ರೊಸೆಸರನ್ನು ಅವರು ಹತ್ತಿರದಿಂದ ಕಂಡದ್ದು ಅದೇ ಮೊದಲು. ಆದರೆ ಅಳೆಯುವ ಸಾಧನವು ಹೇಗೆ ದಾರಿತಪ್ಪಿಸುತ್ತದೆಯೆಂಬುದನ್ನು ಅವರಷ್ಟು ಬಲ್ಲವರು ನಮ್ಮಲ್ಲಿ ವಿರಳ. ಅದಕ್ಕೆ ಕಾರಣವೂ ಉಂಟು. ಕಬ್ಬನ್ನು ಅರೆದಾಗ ಬರುವ ಹಾಲು ಸ್ವಭಾವತಃ ಆಮ್ಲೀಯವಾದುದು; ಅದಕ್ಕೆ ಸುಣ್ಣದ ನೀರನ್ನೂ ಗಂಧಕದ ಹೊಗೆಯನ್ನೂ ಸೇರಿಸಿ ತಿಳಿಗೊಳಿಸುವಾಗ ಪಿಎಚ್ 7ರ ಆಸುಪಾಸಿನಲ್ಲಿ ನಿಲ್ಲಬೇಕು. ಕೆಳಗಿಳಿದರೆ ಸಕ್ಕರೆಯು ಒಡೆದು ಹರಳುಗಟ್ಟದ ಸಿಹಿಯಾಗಿಬಿಡುತ್ತದೆ. ಮೇಲೇರಿದರೆ ರಸ ಕಂದುಗಟ್ಟುತ್ತದೆ. ಇದನ್ನು ನೋಡಿಕೊಳ್ಳುವ ಗಾಜಿನ ಸೆನ್ಸರಿನ ಮೈಮೇಲೆ ದಿನದಿನವೂ ಸುಣ್ಣದ ಪರೆ ಕಟ್ಟುತ್ತದೆ. ಪರೆ ಕಟ್ಟಿದ ಸೆನ್ಸರು ಹಳೆಯ ಸಂಖ್ಯೆಯನ್ನೇ ಹಿಡಿದು ಕುಳಿತಿರುತ್ತದೆ. ಅದನ್ನು ಕಂಡು ಸೆನ್ಸರು ಸತ್ತಿತೆಂದು ಎಸೆಯುವವನನ್ನು ಕಾರ್ಖಾನೆ ಇಟ್ಟುಕೊಳ್ಳುವುದಿಲ್ಲ. ಮೊದಲು ತೊಳೆಯಬೇಕು, ತೊಳೆದು, ಪಿಎಚ್ 4 ಮತ್ತು 7 ಎಂದು ನಿಶ್ಚಿತವಾಗಿ ಗೊತ್ತಿರುವ ದ್ರಾವಣಗಳಲ್ಲಿ ಅದ್ದಿ, ಅದು ಗೊತ್ತಿರುವ ಸತ್ಯವನ್ನು ಗೊತ್ತಿರುವಂತೆಯೇ ಹೇಳುತ್ತದೆಯೇ ಎಂದು ಪರೀಕ್ಷಿಸಬೇಕು. ನ್ಯಾಯಸ್ಥಾನದಲ್ಲಿ ಸಾಕ್ಷಿಯನ್ನು ಸುಳ್ಳುಗಾರನೆಂದು ತಳ್ಳಿಹಾಕುವ ಮುನ್ನ ಪಾಟೀಸವಾಲಿಗೆ ಒಳಪಡಿಸುವಂತೆ, ಆತ ನಿಂತಿದ್ದ ಜಾಗವಾವುದು, ಬೆಳಕು ಎಷ್ಟಿತ್ತು, ಆತನ ಮಾತನ್ನು ಬರೆದುಕೊಂಡವನು ಸರಿಯಾಗಿ ಬರೆದುಕೊಂಡನೇ ಎಂದು ವಿಚಾರಿಸುವಂತೆ, ಸೆನ್ಸರಿನ ಮಾತನ್ನೂ ವಿಚಾರಿಸುವುದು ಈ ಕಾರ್ಖಾನೆಯ ಸೀಮೆಯಲ್ಲಿ ಬೆಳೆದ ಒಂದು ಶಿಸ್ತು.

ಅವರು ಬೆಳಗ್ಗೆಯೇ ಬಂದರು. ಕೆಡುಕು ಬೆಳಗಿನದೆಂದು ಕೇಳಿದ್ದರಿಂದ ಮಧ್ಯಾಹ್ನದ ತನಕ ಕಾಯುವುದು ವ್ಯರ್ಥವೆಂದು ಅವರಿಗೆ ಕಂಡಿತ್ತು. ಬಂದವರು ಯಂತ್ರದ ಮುಚ್ಚಳವನ್ನು ತೆಗೆಯಲಿಲ್ಲ. ಮೊದಲು ಕೇಳಿದ ಪ್ರಶ್ನೆ, ಯಂತ್ರವು ತೋರಿಸುತ್ತಿರುವ ಉಷ್ಣತೆಯನ್ನು ಬೇರೆ ಯಾವುದಾದರೂ ಉಪಕರಣ ಒಪ್ಪುತ್ತದೆಯೇ ಎಂಬುದು. ಬೇರೆ ಥರ್ಮಾಮೀಟರೊಂದನ್ನು ತೊಟ್ಟಿಯಲ್ಲಿ ಅದ್ದಿ ನೋಡಲಾಯಿತು. ಎರಡೂ 24 ಡಿಗ್ರಿಯ ಹತ್ತಿರವೇ ಹೇಳಿದವು. ಒಬ್ಬ ಸಾಕ್ಷಿ ನಿರಪರಾಧಿಯೆಂದು ಇಷ್ಟರಿಂದಲೇ ತೀರಿತು. ಹೊಸ ಉಷ್ಣತಾ ಸೆನ್ಸರಿಗೆ ತೆರಬೇಕಾಗಿದ್ದ ಹಣ ಉಳಿದದ್ದು ಆ ಗಳಿಗೆಯಲ್ಲಿ.

ಎರಡನೆಯ ಹೆಜ್ಜೆಯನ್ನು ಕಂಡು ನಾನು ಬೆರಗಾದೆ. ಲೇಸರನ್ನೇ ಕಾಣದ ಹೊಸ ಪ್ಲೇಟಿನ ಒಂದು ತುಂಡನ್ನು ಹಾಗೆಯೇ ಪ್ರೊಸೆಸರಿನಲ್ಲಿ ಹಾಯಿಸಬೇಕೆಂದು ಅವರು ಹೇಳಿದರು. ಧನಾತ್ಮಕ ಪ್ಲೇಟಿನಲ್ಲಿ ಲೇಸರು ತಾಗದ ಲೇಪ ಇದ್ದಂತೆಯೇ ಇರಬೇಕು. ಹೊರಬಂದ ತುಂಡನ್ನು ಹಾಯಿಸದ ಇನ್ನೊಂದು ತುಂಡಿನ ಪಕ್ಕದಲ್ಲಿಟ್ಟು ನೋಡಿದಾಗ ಅದರ ಬಣ್ಣ ಸ್ಪಷ್ಟವಾಗಿ ತೆಳುವಾಗಿತ್ತು. ಲೇಸರು ಮುಟ್ಟದ ತುಂಡೇ ಸವೆದಿದ್ದ ಮೇಲೆ ಲೇಸರಿನ ಮೇಲಿನ ಆರೋಪ ನಿಲ್ಲುವುದೆಂತು? ದೋಷವೆಲ್ಲವೂ ದ್ರವದ ಬಲದಲ್ಲಿತ್ತು. ಉಷ್ಣತೆ ಸರಿಯಿದ್ದು ಬಲ ಹೆಚ್ಚಿದ್ದರೆ, ಯಾರೋ ಅಗತ್ಯಕ್ಕಿಂತ ಹೆಚ್ಚಾಗಿ ಊಡುತ್ತಿರಬೇಕು.

ಆಗ ಅವರು ನೋಡಿದ್ದು, ಅಷ್ಟು ದಿನವೂ ಎಲ್ಲರ ಕಾಲಬುಡದಲ್ಲಿಯೇ ಇದ್ದು ಯಾರ ಲೆಕ್ಕಕ್ಕೂ ಬಾರದಿದ್ದ ತ್ಯಾಜ್ಯದ ಡಬ್ಬವನ್ನು. ಘಟಕದಲ್ಲಿ ಹೆಚ್ಚಾಗಿ ಹಾಯುತ್ತಿದ್ದುದು 400 ಮಿಲಿಮೀಟರು ಅಗಲ, 510 ಮಿಲಿಮೀಟರು ಉದ್ದದ ಚಿಕ್ಕ ಪ್ಲೇಟುಗಳು. ಇಂಥ 20 ಪ್ಲೇಟುಗಳು ಹಾದರೂ ಒಟ್ಟು ವಿಸ್ತಾರ 4 ಚದರಮೀಟರನ್ನು ಅಷ್ಟಿಷ್ಟು ಮೀರೀತು. ಚದರಮೀಟರಿಗೆ 100 ಮಿಲಿಲೀಟರಿನಂತೆ ಊಡುವ ಹೊಂದಿಕೆ ಇದ್ದ ಆ ಯಂತ್ರದಲ್ಲಿ ಅದರ ಪಾಲು 400 ಮಿಲಿಲೀಟರಿನಷ್ಟು. ಎಂಟು ಗಂಟೆಗಳ ನಿಲುಗಡೆಯ ಪಾಲನ್ನು ಸೇರಿಸಿದರೂ ಒಂದು ದಿನಕ್ಕೆ ಒಂದೂವರೆ ಲೀಟರು ದಾಟಲಾಗದು. ಹಿಂದಿನ ಸಂಜೆ ಖಾಲಿಮಾಡಿ ಇಟ್ಟಿದ್ದ ಡಬ್ಬದಲ್ಲಿ, ಆ ಬೆಳಗ್ಗೆ ಇನ್ನೂ ಒಂದು ಕೆಲಸವೂ ಆರಂಭವಾಗುವ ಮೊದಲೇ, ಅದಕ್ಕಿಂತ ಹೆಚ್ಚು ದ್ರವ ನಿಂತಿತ್ತು. ಯಂತ್ರವು ರಾತ್ರಿಯಿಡೀ ಇಲ್ಲದ ಪ್ಲೇಟುಗಳನ್ನು ಎಣಿಸಿತ್ತು. ಬೆಳಗಿನಲ್ಲಿ ಉರುಳೆಗಳು ಆಗಾಗ ತಾವಾಗಿ ತಿರುಗುತ್ತಿದ್ದುದನ್ನು ಕೆಲಸದ ಹುಡುಗ ಕಂಡಿದ್ದನು. ಆದರೆ ಗೋಂದು ಹೆಪ್ಪುಗಟ್ಟದಿರಲೆಂದು ಇಂಥ ಯಂತ್ರಗಳು ವಿರಾಮದಲ್ಲಿಯೂ ನಡುನಡುವೆ ಉರುಳೆಗಳನ್ನು ತಿರುಗಿಸುವುದುಂಟಾದ್ದರಿಂದ, ಇದೂ ಅದೇ ಇರಬೇಕೆಂದು ಸುಮ್ಮನಾಗಿದ್ದನು. ಅವನ ಊಹೆ ಸಹಜವಾದುದೇ.

ಇದಾದ ಮೇಲೆ ಯಂತ್ರದ ಪರದೆಯಲ್ಲಿ ದುರಸ್ತಿಯ ಪುಟವನ್ನು ತೆರೆದು, ಪ್ರವೇಶದ ಸಾಲಿನ ಒಂದೊಂದು ಸೆನ್ಸರೂ ಈ ಕ್ಷಣದಲ್ಲಿ ಏನು ಹೇಳುತ್ತಿದೆಯೆಂದು ನೋಡಲಾಯಿತು. ಬಾಗಿಲಲ್ಲಿ ಪ್ಲೇಟಿಲ್ಲ, ಎಲ್ಲವೂ ಸೊನ್ನೆ ತೋರಬೇಕು. ಮೂರನೆಯದು ಮಾತ್ರ ಒಮ್ಮೆ ಸೊನ್ನೆ, ಒಮ್ಮೆ ಒಂದು, ಮತ್ತೆ ಸೊನ್ನೆ ಎಂದು ಮಿನುಗುತ್ತಿತ್ತು. ಒಂದೇ ಸಮನೆ ಒಂದೆಂದು ನಿಂತಿದ್ದರೆ ಪ್ಲೇಟು ಸಿಕ್ಕಿಕೊಂಡಿದೆಯೆಂದು ಯಂತ್ರವು ಕೂಗಿಕೊಳ್ಳುತ್ತಿತ್ತು. ಮಿನುಗುತ್ತಿದ್ದುದರಿಂದ ಎಚ್ಚರಿಕೆಯ ಗಂಟೆ ಮೊಳಗಲಿಲ್ಲ. ಸುತ್ತ ನಿಂತಿದ್ದವರೆಲ್ಲ ಸೆನ್ಸರನ್ನು ಬಿಚ್ಚಲು ಕೈಹಾಕಿದರು. ಆ ನಿವೃತ್ತ ತಜ್ಞರು ತಡೆದರು.

ತಡೆದು ಅವರು ಮಾಡಿದ್ದನ್ನು ನಮ್ಮ ಐಟಿಐಗಳಲ್ಲಿಯೂ ಪಾಲಿಟೆಕ್ನಿಕ್‌ಗಳಲ್ಲಿಯೂ ಪ್ರತಿಯೊಬ್ಬ ವಿದ್ಯಾರ್ಥಿಗೂ ಕಣ್ಣೆದುರಿನಲ್ಲಿ ಮಾಡಿ ತೋರಿಸಬೇಕೆಂದು ನನ್ನ ಆಸೆ. ವಿದ್ಯುತ್ತನ್ನು ತಪ್ಪಿಸಿ, ನಿಯಂತ್ರಣದ ಫಲಕದ ಬಳಿ ಮೂರನೆಯ ಮತ್ತು ನಾಲ್ಕನೆಯ ಸೆನ್ಸರುಗಳ ತಂತಿಗಳನ್ನು ಅದಲುಬದಲು ಮಾಡಿ, ಮತ್ತೆ ವಿದ್ಯುತ್ತನ್ನು ಕೊಟ್ಟರು. ಮಿನುಗು ನಾಲ್ಕನೆಯ ಸಾಲಿಗೆ ಹೋಯಿತು. ಕೆಡುಕು ತಂತಿಯ ಜೊತೆಯಲ್ಲಿ ಓಡಾಡುತ್ತಿದೆಯೆಂದ ಮೇಲೆ ಬೆಲೆಬಾಳುವ ಫಲಕವು ನಿರ್ದೋಷಿ. ಅನಂತರ ಪ್ರವೇಶದ ಮೇಜಿನ ಅಡಿಯಲ್ಲಿ, ಸೆನ್ಸರು ತಂತಿಗೆ ಕೂಡುವ ಕನೆಕ್ಟರಿನ ಬಳಿ ಸೆನ್ಸರನ್ನೇ ಬೇರ್ಪಡಿಸಿದರು. ಸೆನ್ಸರೇ ಇಲ್ಲದ ತಂತಿಯ ತುದಿ ಈಗಲೂ ಪ್ಲೇಟು ಬಂದಿತೆಂದು ಹೇಳುತ್ತಲೇ ಇತ್ತು. ಸೆನ್ಸರೂ ನಿರ್ದೋಷಿ. ಉಳಿದದ್ದು ತಂತಿ, ಅದರ ಕೊನೆಯ ಕನೆಕ್ಟರು. ಯಾವ ಭಾಗವನ್ನೂ ಕೊಳ್ಳದೆ, ಇದ್ದುದನ್ನೇ ಸ್ಥಾನಪಲ್ಲಟ ಮಾಡಿ, ಅಪರಾಧವನ್ನು ಗೇಣುದ್ದದ ಜಾಗಕ್ಕೆ ತಂದು ನಿಲ್ಲಿಸುವ ಈ ವಿವೇಕದ ಮುಂದೆ ಪೆಟ್ಟಿಗೆತುಂಬ ಬಿಡಿಭಾಗಗಳೂ ಅಲ್ಪವೆಂದೇ ನನ್ನ ಎಣಿಕೆ.

ಟಾರ್ಚಿನ ಬೆಳಕಿನಲ್ಲಿ ಆ ಕನೆಕ್ಟರನ್ನು ನಾನೂ ಬಗ್ಗಿ ನೋಡಿದೆ. ಕಪ್ಪು ಪ್ಲಾಸ್ಟಿಕ್ಕಿನ ಚಿಕ್ಕ ಅಚ್ಚು. ಅದರೊಳಗೆ ಮೂರು ಹಿತ್ತಾಳೆಯ ಸೂಜಿಗಳು. ಸೂಜಿಗಳ ಬುಡದಲ್ಲಿ, ಉಪ್ಪಿನ ಜಾಡಿಯ ಅಂಚಿನಲ್ಲಿ ಕಟ್ಟುವಂಥ ಬಿಳಿಯ ಹರಳುಪರೆ. ಬೆರಳಿಗೆ ಅದು ಪುಡಿಯಾಗಿರದೆ ಜಿಗುಟಾಗಿ, ತೇವದಿಂದ ಹೊಳೆಯುತ್ತಿತ್ತು. ಹಿತ್ತಾಳೆಯ ಮೇಲೆ ಅಲ್ಲಲ್ಲಿ ಹಸಿರು ಕಲೆ. ಕೈಗವಸಿನ ಬೆರಳತುದಿಯಲ್ಲಿ ಸ್ವಲ್ಪವೇ ಪರೆಯನ್ನೆತ್ತಿ ಪಿಎಚ್ ಕಾಗದಕ್ಕೆ ತಾಗಿಸಿದಾಗ ಕಾಗದ ಕಡುನೀಲಿಯಾಯಿತು. ಮೀಟರಿಟ್ಟು ನೋಡಿದರೆ, ಪ್ಲೇಟಿಲ್ಲದಾಗ 24 ವೋಲ್ಟು ನಿಲ್ಲಬೇಕಾಗಿದ್ದ ಸಂಕೇತದ ಸೂಜಿಯಲ್ಲಿ 10ರ ಸುತ್ತ ಏರಿಳಿಯುತ್ತಿತ್ತು. ಆ ಬಗೆಯ ಸೆನ್ಸರು ಪ್ಲೇಟನ್ನು ಕಂಡಾಗ ಸಂಕೇತವನ್ನು ಸೊನ್ನೆಯತ್ತ ಎಳೆಯುತ್ತದೆ. ಇಲ್ಲಿ ಸೆನ್ಸರು ಎಳೆಯಬೇಕಾದುದನ್ನು ಆ ಬಿಳಿಯ ಪರೆಯೇ ಎರಡು ಸೂಜಿಗಳ ನಡುವೆ ಸೇತುವೆಯಾಗಿ ಎಳೆಯುತ್ತಿತ್ತು.

ಪರೆ ಅಲ್ಲಿಗೆ ಬಂದ ಬಗೆಯೂ ಕೆಡುಕು ಬೆಳಗಿನಲ್ಲೇ ತೋರುತ್ತಿದ್ದುದೂ ಒಂದೇ ಸೂತ್ರದಲ್ಲಿ ಬಿಡಿಸಿಕೊಂಡವು. ತಂತಿಯು ಡೆವಲಪರಿನ ತೊಟ್ಟಿಯ ಅಂಚನ್ನು ಸವರಿಕೊಂಡು ಇಳಿದು, ತನ್ನ ದಾರಿಯ ಅತ್ಯಂತ ತಗ್ಗಿನ ಜಾಗದಲ್ಲಿ ಕನೆಕ್ಟರನ್ನು ಸೇರುತ್ತಿತ್ತು. ಉರುಳೆಯಿಂದ ಸಿಡಿದ ಹನಿಗಳು ತಂತಿಯ ಮೈಯನ್ನು ಹಿಡಿದು ಜಾರಿ ಅಲ್ಲಿಯೇ ಕೂಡುತ್ತಿದ್ದವು. ಆ ಡೆವಲಪರಿನಲ್ಲಿದ್ದುದು ಪೊಟ್ಯಾಸಿಯಂ ಸಿಲಿಕೇಟು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಒಣಗಿದಾಗ ಅದರಲ್ಲಿ ಪೊಟ್ಯಾಸಿಯಂ ಕಾರ್ಬೊನೇಟು ಉಳಿಯುತ್ತದೆ. ಈ ಲವಣಕ್ಕೆ ಗಾಳಿಯ ತೇವವನ್ನು ಸೆಳೆದು ತಾನೇ ನೀರಾಗುವ ಸ್ವಭಾವವುಂಟು. ಬೇಸಿಗೆಯಲ್ಲಿ ಅದು ಒಣಪುಡಿಯಾಗಿ ವಿದ್ಯುತ್ತನ್ನು ಹಾಯಗೊಡದೆ ಕುಳಿತಿತ್ತು. ಮಳೆಗಾಲದ ರಾತ್ರಿಯಲ್ಲಿ, ನಾಲೆಯ ನೀರು ನಿಂತ ಗದ್ದೆಗಳ ನಡುವಿನ ಮುಚ್ಚಿದ ಕೋಣೆಯಲ್ಲಿ, ತೇವ ಹೀರಿ ವಾಹಕವಾಯಿತು. ಬೆಳಗ್ಗೆ ಕೆಲಸ ಆರಂಭವಾಗಿ ಒಣಗಿಸುವ ಬಿಸಿಗಾಳಿ ಒಂದೆರಡು ಗಂಟೆ ಬೀಸಿದ ಮೇಲೆ ಯಂತ್ರದ ಒಡಲೆಲ್ಲ ಬೆಚ್ಚಗಾಗಿ, ಪರೆಯೂ ಆರಿ, ಮಧ್ಯಾಹ್ನಕ್ಕೆ ಸೇತುವೆ ಮಾಯವಾಗುತ್ತಿತ್ತು. ಮಧ್ಯಾಹ್ನ ಬಂದ ತಂತ್ರಜ್ಞರಿಗೆ ಏನೂ ಕಾಣದಿದ್ದುದು ಅವರ ಅಜ್ಞಾನದಿಂದಲ್ಲ, ಗಡಿಯಾರದಿಂದ. ಕೆಡುಕು ತೋರುವ ಹೊತ್ತಿನಲ್ಲಿ ಯಂತ್ರದ ಬಳಿಯಿರುವ ಮನುಷ್ಯನೇ ಊರಿನಲ್ಲಿ ಬೇಕೆಂದು ನಾನು ಹೇಳುವುದು ಇದಕ್ಕಾಗಿ.

ದುರಸ್ತಿಯನ್ನು ಹೇಳಲು ಹೆಚ್ಚು ಮಾತು ಬೇಡ. ವಿದ್ಯುತ್ತನ್ನು ಪೂರ್ತಿ ತಪ್ಪಿಸಿ, ಕಣ್ಣಿಗೆ ಕನ್ನಡಕವನ್ನೂ ಕೈಗೆ ಗವಸನ್ನೂ ತೊಟ್ಟು, ತಂತಿಯನ್ನು ಬಟ್ಟಿಯಿಳಿಸಿದ ನೀರಿನಿಂದ ಒರಸಿ, ಆಲ್ಕೊಹಾಲಿನಿಂದ ಒಣಗಿಸಿ, ಕನೆಕ್ಟರನ್ನು ಹೊಸದಾಗಿ ಹಾಕಲಾಯಿತು. ತಂತಿಯ ಹಾದಿಯನ್ನು ತೊಟ್ಟಿಯ ಅಂಚಿನಿಂದ ದೂರ ಸರಿಸಿ, ಕನೆಕ್ಟರನ್ನು ಮೇಲೆತ್ತಿ ಕಟ್ಟಿ, ಅದಕ್ಕೂ ಮೊದಲೇ ತಂತಿ ಕೆಳಗೊಂದು ಬಾಗು ಬಾಗಿ ಹೋಗುವಂತೆ ಮಾಡಲಾಯಿತು; ಇನ್ನು ಹನಿ ಜಾರಿದರೂ ಬಾಗಿನಲ್ಲಿ ತೊಟ್ಟಿಕ್ಕಿ ನೆಲಕ್ಕೆ ಬೀಳುವುದೇ ಹೊರತು ಸೂಜಿಗಳನ್ನು ಮುಟ್ಟದು. ತೊಟ್ಟಿಯಲ್ಲಿದ್ದ ದ್ರವ ಬಲಮೀರಿದ್ದುದರಿಂದ ಅದನ್ನು ತೆಗೆದು ಹೊಸದನ್ನು ತುಂಬಿಸಲಾಯಿತು. ಮರುದಿನದ ಬೆಳಗಿನ ಪಟ್ಟಿಯಲ್ಲಿ ಶೇಕಡ 2ರ ಚುಕ್ಕಿಗಳು ಭೂತಗನ್ನಡಿಯಡಿಯಲ್ಲಿ ದುಂಡಗೆ ನಿಂತಿದ್ದವು.

ಉಳಿದ ಎರಡು ಜಾತಿಯ ಸೆನ್ಸರುಗಳಿಗೂ ಇದೇ ವಿಚಾರಣೆ ಸಲ್ಲುತ್ತದೆ. ಉಷ್ಣತೆಯನ್ನು ಅಳೆಯಲು ಅನೇಕ ಯಂತ್ರಗಳಲ್ಲಿ ಪ್ಲಾಟಿನಂ ತಂತಿಯ ಸೆನ್ಸರು ಇರುತ್ತದೆ. ಸೊನ್ನೆ ಡಿಗ್ರಿಯಲ್ಲಿ ಅದರ ರೋಧ 100 ಓಮು, 25 ಡಿಗ್ರಿಯಲ್ಲಿ 109.7 ಓಮು. ಯಂತ್ರದಿಂದ ಬೇರ್ಪಡಿಸಿ ಮೀಟರಿನಲ್ಲಿ ಈ ಸಂಖ್ಯೆಯನ್ನು ಓದಬಲ್ಲವನಿಗೆ ಸೆನ್ಸರಿನ ಬದುಕು ಸಾವುಗಳನ್ನು ಹೇಳಲು ಬೇರಾರೂ ಬೇಕಿಲ್ಲ. ಮಟ್ಟವನ್ನು ನೋಡುವ ತೇಲುಗುಂಡು ಬಹುಮಟ್ಟಿಗೆ ಕೆಡುವುದೇ ಇಲ್ಲ. ಗೋಂದೋ ಕರಗಿದ ಲೇಪದ ಗಸಿಯೋ ಅಂಟಿ ದಂಡದ ಮೇಲೆ ಸಿಕ್ಕಿಕೊಂಡಿರುತ್ತದೆ. ಕೊಳವೆಬಾವಿಯ ಗಡಸು ನೀರನ್ನು ಬಳಸುವ ಕಡೆಗಳಲ್ಲಿ ತೊಳೆಯುವ ಭಾಗದ ಸೂಕ್ಷ್ಮರಂಧ್ರಗಳೂ ಸುಣ್ಣಗಟ್ಟುತ್ತವೆ. ಬೆಚ್ಚನೆಯ ನೀರು, ಮೃದುವಾದ ಕುಂಚ, ವಾರಕ್ಕೊಮ್ಮೆ ಅರ್ಧ ಗಂಟೆ. ಇಷ್ಟನ್ನು ಕೊಟ್ಟರೆ ಸಾಕು.

ಇದನ್ನೆಲ್ಲ ಬಲ್ಲವರ ಅನುಭವವು ಅವರೊಡನೆಯೇ ಹೋಗಿಬಿಡದಂತೆ ನೋಡಿಕೊಳ್ಳುವ ಬಗೆ ಯಾವುದು? ಇಂಥ ಯಂತ್ರಗಳ ಜೊತೆಗೆ ಬರುವ ಕೈಪಿಡಿಗಳು ಇಂಗ್ಲಿಷಿನಲ್ಲಿರುತ್ತವೆ. ಯಂತ್ರದ ಮುಂದೆ ಹಗಲೆಲ್ಲ ನಿಲ್ಲುವ ಹುಡುಗರು ಕನ್ನಡದ ಶಾಲೆಗಳಲ್ಲಿ ಓದಿದವರು. ಯಾವ ಕೆಡುಕು ಎಷ್ಟು ಹೊತ್ತಿಗೆ ತೋರಿತು, ಹವೆ ಹೇಗಿತ್ತು, ಡಬ್ಬದಲ್ಲಿ ಎಷ್ಟು ಬಿದ್ದಿತು, ಪಟ್ಟಿಯ ಚುಕ್ಕಿ ಎಷ್ಟರವರೆಗೆ ಉಳಿಯಿತು ಎಂದು ಪ್ರತಿದಿನವೂ ಕನ್ನಡದಲ್ಲಿ ಬರೆದಿಡುವ ಒಂದು ಪುಸ್ತಕವನ್ನು ಆ ಘಟಕದವರು ಆಮೇಲೆ ತೆರೆದರು. ಆ ಬರಹಕ್ಕೆ ಸಾಹಿತ್ಯವೆಂಬ ಹೆಸರು ಸಲ್ಲದೆ ಇರಬಹುದು. ಆದರೆ ಭಾಷೆಯೊಂದು ಬಾಳುವುದು ಇಂಥ ಬರಹದಲ್ಲಿಯೂ ಹೌದೆಂದು ನಾನು ದೃಢವಾಗಿ ನಂಬಿದ್ದೇನೆ. ಸಕ್ಕರೆ ಕಾರ್ಖಾನೆಗಳೂ ವಿದ್ಯಾಸಂಸ್ಥೆಗಳೂ ಒಂದೇ ಊರಿನಲ್ಲಿರುವ ನಮ್ಮಂಥ ಕಡೆಗಳಲ್ಲಿ, ನಿವೃತ್ತರಾದ ಉಪಕರಣತಜ್ಞರನ್ನು ಕರೆಸಿ, ಕೆಟ್ಟ ಯಂತ್ರವೊಂದನ್ನು ನಡುವಿಟ್ಟು, ಮೀಟರು ಹಿಡಿದ ವಿದ್ಯಾರ್ಥಿಗಳೆದುರು ವಿಚಾರಣೆ ನಡೆಸುವುದು ಅಸಾಧ್ಯವಾದ ಕಾರ್ಯವೇನಲ್ಲ.

ತೆಗೆದ ದ್ರವದ ವಿಚಾರವೊಂದು ಬಾಕಿಯಿದೆ. ಸೆನ್ಸರಿನ ಸುಳ್ಳೆಣಿಕೆಯಿಂದ ವ್ಯರ್ಥವಾದುದು ದುಡ್ಡು ಮಾತ್ರವಲ್ಲ. ಸಾಧಾರಣ ದಿನಗಳಿಗಿಂತ ಹಲವು ಪಟ್ಟು ಕ್ಷಾರತ್ಯಾಜ್ಯವೂ ಆ ದಿನಗಳಲ್ಲಿ ಸಂಗ್ರಹವಾಗಿತ್ತು. ಪಿಎಚ್ 12ನ್ನು ಮೀರಿದ, ಕರಗಿದ ಲೇಪದಿಂದ ನೀಲಿಗಟ್ಟಿದ ಆ ದ್ರವವನ್ನು ಹಿತ್ತಿಲ ಚರಂಡಿಗೆ ಸುರಿದರೆ ಅದು ಸೇರುವುದು ಕಾಲುವೆಯನ್ನು, ಕಾಲುವೆಯಿಂದ ಭತ್ತದ ಮಡಿಯನ್ನು, ಕಡೆಗೆ ಶಿಂಷಾ ನದಿಯನ್ನು. ನೀರು ಬೆರೆಸಿ ತೆಳುಮಾಡಿದೆವೆಂಬ ಸಮಾಧಾನ ಇಲ್ಲಿ ಸಲ್ಲದು. ಕ್ಷಾರ ತೆಳುವಾದೀತು, ಲೇಪದ ರಾಸಾಯನಿಕಗಳು ಹಾಗೆಯೇ ಉಳಿಯುತ್ತವೆ. ಆ ಡಬ್ಬಗಳ ಬಾಯನ್ನು ಬಿಗಿದು, ಒಳಗಿರುವುದೇನೆಂದು ದೊಡ್ಡ ಅಕ್ಷರಗಳಲ್ಲಿ ಬರೆದು ಅಂಟಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಸಂಸ್ಕರಣೆಯವರ ವಾಹನ ಬರುವ ತನಕ ಸಿಮೆಂಟಿನ ಕಟ್ಟೆಯೊಳಗೆ ಇರಿಸಲಾಯಿತು. ದಿನಚರಿಯ ಆ ಪುಸ್ತಕದಲ್ಲಿ ತ್ಯಾಜ್ಯದ ಲೀಟರುಗಳಿಗೆಂದು ಬೇರೆಯೇ ಒಂದು ಅಂಕಣವನ್ನು ಗೆರೆಹಾಕಿ ಇಟ್ಟಿದ್ದಾರೆ. ಬೆಳಗ್ಗೆ ಬಾಗಿಲು ತೆರೆದವನು ದೀಪ ಹಾಕಿದ ಮೇಲೆ ಮೊದಲು ತುಂಬುವುದು ಆ ಅಂಕಣವನ್ನು.